ಇಡುಗಂಟೋ, ಕಂತೋ?

ಪ್ರೋಗ್ರಾಮಿಂಗ್ ಕಲಿಸುವಾಗ ಒಂದು ಮಾತು ಸಲೀಸಾಗಿ ಬಂದುಬಿಡುತ್ತದೆ: ಫಂಕ್ಷನ್ನಿಗೆ ಬೇಕಾದ ಬೆಲೆಗಳನ್ನು ಒಟ್ಟಿಗೆ ಕೊಟ್ಟರೂ ಅಷ್ಟೇ, ಒಂದೊಂದಾಗಿ ಕೊಟ್ಟರೂ ಅಷ್ಟೇ, ಎಲ್ಲಾ ಅವರವರ ರುಚಿ ಅಂತ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಗಣಿತಕ್ಕೆ ಎರಡೂ ಸಮ, ನಿಜ. ಕೆಲಸಕ್ಕೆ ಸಮ ಅಲ್ಲ.

ಸ್ಟ್ಯಾಂಡರ್ಡ್ ಎಂಎಲ್, ಒಕ್ಯಾಮಲ್, ಹ್ಯಾಸ್ಕೆಲ್ ಎಂಬ ಭಾಷೆಗಳಿವೆ. ಯಾವ ಬೆಲೆ ಅಂಕಿ, ಯಾವುದು ಅಕ್ಷರ ಎಂಬ ಟೈಪನ್ನು ಪ್ರೋಗ್ರಾಮ್ ಓಡುವ ಮೊದಲೇ ಇವುಗಳ ಕಂಪೈಲರ್ ತಪಾಸಣೆ ಮಾಡುತ್ತದೆ. ಇಲ್ಲಿ ಫಂಕ್ಷನ್ ಒಂದು ಸಲಕ್ಕೆ ಒಂದೇ ಬೆಲೆ ತೆಗೆದುಕೊಳ್ಳುತ್ತದೆ. ಬಡ್ಡಿ ಲೆಕ್ಕಕ್ಕೆ ದರ, ಅವಧಿ, ಅಸಲು ಮೂರೂ ಬೇಕಲ್ಲ, ಏನು ಮಾಡೋದು? ಮೂರನ್ನೂ ಸೇರಿಸಿ ಒಂದು ಗಂಟು ಕಟ್ಟಬಹುದು, ಅದು ಟ್ಯೂಪಲ್. ಶಾಲೆಯಲ್ಲಿ ಕಲಿಸುವ ಕ್ರಮಯುಗ್ಮದ ಅಣ್ಣ. ಇಲ್ಲವೇ ಕಂತಿನಲ್ಲಿ ಕೊಡಬಹುದು. ದರ ಕೊಟ್ಟರೆ ಅವಧಿ ಕೇಳುವ ಹೊಸ ಫಂಕ್ಷನ್ ಸಿಗುತ್ತದೆ, ಅವಧಿ ಕೊಟ್ಟರೆ ಅಸಲು ಕೇಳುವ ಇನ್ನೊಂದು. ಈ ಕಂತಿನ ಉಪಾಯವನ್ನು ಮೋಸೆಸ್ ಶೋನ್‌ಫಿಂಕೆಲ್ 1924ರ ಲೇಖನದಲ್ಲಿ ವಿವರಿಸಿದ್ದ. ಹೆಸರು ಮಾತ್ರ ಮುಂದೆ ಅದನ್ನು ಬೆಳೆಸಿದ ಹ್ಯಾಸ್ಕೆಲ್ ಕರಿಗೆ ಹೋಯಿತು: 'ಕರಿಯಿಂಗ್'.

ಕಂತಿನ ಲಾಭ ದೊಡ್ಡದು. ಸೊಸೈಟಿಯ ದರ, ಅವಧಿ ಎರಡನ್ನೂ ಒಮ್ಮೆ ಕೊಟ್ಟಿಟ್ಟರೆ, ಉಳಿದ ಫಂಕ್ಷನ್ನನ್ನು ನೂರು ಸಾಲಗಾರರ ಪಟ್ಟಿಯ ಮೇಲೆ ಹಾಗೇ ಓಡಿಸಬಹುದು. ಆದರೆ ಅಸಲು ಕೊಡಲು ಮರೆತರೆ? ಕಂಪೈಲರ್ ಅಲ್ಲೇ ತಡೆಯಬೇಕೆಂದಿಲ್ಲ. ಇನ್ನೊಂದು ಕಂತು ಬಾಕಿ ಅಂದುಕೊಂಡು ಸುಮ್ಮನಿರುತ್ತದೆ. ಆ ಉತ್ತರವನ್ನು ಅಂಕಿಯೆಂದು ಬೇರೆಲ್ಲೋ ಕೂಡಿಸಲು ಹೋದಾಗ ತಪ್ಪು ಹೊರಬೀಳುತ್ತದೆ. ಗಾಯ ಒಂದು ಕಡೆ, ನೋವು ಇನ್ನೊಂದು ಕಡೆ. ಹೊಸದಾಗಿ ಕಲಿಯುವ ಮಕ್ಕಳು ದಿಕ್ಕೆಡುವುದು ಇಲ್ಲೇ. ಇಡುಗಂಟಿನಲ್ಲಿ ಮೂರರ ಬದಲು ಎರಡಿದ್ದರೆ ಟೈಪೇ ಬೇರೆ, ಕೊಟ್ಟ ಜಾಗದಲ್ಲೇ ತಪ್ಪು ಸಿಕ್ಕಿಬೀಳುತ್ತದೆ.

ಹಂಗಾದರೆ ಯಾವುದು ಸರಿ? ಸ್ಟ್ಯಾಂಡರ್ಡ್ ಎಂಎಲ್‌ನ 'ಫೋಲ್ಡ್‌ಎಲ್' ನೋಡಿ. ಪಟ್ಟಿಯನ್ನು ಒಂದೊಂದಾಗಿ ಕೂಡಿಸುತ್ತಾ ಹೋಗುವ ಫಂಕ್ಷನ್ ಅದು. ತನಗೆ ಬೇಕಾದ್ದನ್ನು ಕಂತಿನಲ್ಲಿ ತೆಗೆದುಕೊಳ್ಳುತ್ತದೆ. ಆದರೆ ನಾವು ಕೊಡುವ ಕೂಡಿಸುವ ಫಂಕ್ಷನ್ನಿಗೆ ಪಟ್ಟಿಯ ಅಂಶವನ್ನೂ ಈವರೆಗಿನ ಮೊತ್ತವನ್ನೂ ಗಂಟು ಕಟ್ಟಿಯೇ ಕೊಡುತ್ತದೆ, ಯಾಕಂದ್ರೆ ಅವೆರಡೂ ಪ್ರತಿ ಸಲ ಜೊತೆಯಾಗಿಯೇ ಬರುತ್ತವೆ. ಇದರಲ್ಲಿ ನನಗೆ ವಿವೇಕ ಕಾಣುತ್ತದೆ. ಹ್ಯಾಸ್ಕೆಲ್‌ನಲ್ಲಿ ಅಲ್ಲೂ ಕಂತೇ ರೂಢಿ.

ಒಂದು ಅಪಾಯಕ್ಕೆ ಮಾತ್ರ ಎರಡರಲ್ಲೂ ಮದ್ದಿಲ್ಲ. ಕಳೆಯುವ ಫಂಕ್ಷನ್ನಿಗೆ 50, 20 ಕೊಡುವ ಬದಲು 20, 50 ಕೊಟ್ಟರೆ ಎರಡೂ ಅಂಕಿಗಳೇ, ಕಂಪೈಲರ್ ಚಕಾರ ಎತ್ತುವುದಿಲ್ಲ. ಅಲ್ಲಿ ಪ್ರತಿ ಬೆಲೆಗೂ ಹೆಸರಿಟ್ಟು ಕೊಡುವುದೇ ಲೇಸು; ಎಂಎಲ್‌ನ ರೆಕಾರ್ಡು, ಒಕ್ಯಾಮಲ್‌ನ ಲೇಬಲ್ಲು ಇರುವುದು ಅದಕ್ಕೇ.

ಆದ್ದರಿಂದ ಕಲಿಸುವವರು ರುಚಿಯ ಮಾತು ಬಿಟ್ಟು ಒಂದು ಪ್ರಶ್ನೆ ಕೇಳಿಸಲಿ: ಈ ಬೆಲೆಗಳು ಒಟ್ಟಿಗೆ ಬರುವಂಥವೋ, ಬೇರೆಬೇರೆ ಹೊತ್ತಿಗೆ ಬರುವಂಥವೋ? ಒಟ್ಟಿಗೆ ಬರುವುದಕ್ಕೆ ಗಂಟು, ಬಿಡಿಯಾಗಿ ಬರುವುದಕ್ಕೆ ಕಂತು.