ತೂಕದ ಚಿಂತೆ ಬಿಡಿ, ಗಾಳಿಯ ಲೆಕ್ಕ ಹಿಡಿಯಿರಿ

ಗೇರ್ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತಿದರೆ ಶಕ್ತಿ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಈ ವಾರ ಉತ್ತರಿಸುವುದಾಗಿ ಹೇಳಿದ್ದೆ. ಉತ್ತರ ಚಿಕ್ಕದು. ಸೈಕಲ್ಲು, ಸವಾರ ಎರಡೂ ಸೇರಿ 80 ಕಿಲೊ ಎನ್ನಿ. ಮೈಸೂರಿನ ಮಟ್ಟದಿಂದ ಬೆಟ್ಟದ ಮೇಲಕ್ಕೆ ಸುಮಾರು 300 ಮೀಟರ್ ಏರಬೇಕು. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಒಯ್ಯಲು 235 ಕಿಲೊಜೂಲ್ ಬೇಕೇ ಬೇಕು. ಗೇರು ಒಂದೇ ಇರಲಿ, ಇಪ್ಪತ್ತೊಂದಿರಲಿ, ಅದರಲ್ಲಿ ಚೂರೂ ರಿಯಾಯಿತಿ ಇಲ್ಲ. ಗೇರಿನ ಕೆಲಸವೇ ಬೇರೆ. ಅರ್ಧ ಗಂಟೆಯಲ್ಲಿ ಏರಬೇಕೆಂದರೆ ಕಾಲು 130 ವ್ಯಾಟ್ ಕೊಡಬೇಕು, ಒಂದು ಗಂಟೆ ತೆಗೆದುಕೊಂಡರೆ 65 ಸಾಕು. ಅಷ್ಟು ನಿಧಾನವಾಗಿ ಹೋಗುವಾಗಲೂ ಕಾಲು ಹದವಾಗಿ ತಿರುಗುತ್ತಿರುವಂತೆ ಗೇರು ನೋಡಿಕೊಳ್ಳುತ್ತದೆ.

ಹಳೆಯ ಕರಿ ಸೈಕಲ್ಲಿನಲ್ಲಿ ಅದು ಆಗದ ಮಾತು. ಮುಂದೆ 44 ಹಲ್ಲು, ಹಿಂದೆ ಫ್ರೀವೀಲಿನಲ್ಲಿ 18. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ಲು ಐದು ಮೀಟರಿಗೂ ಮಿಕ್ಕಿ ಮುಂದಕ್ಕೆ ಹೋಗುತ್ತದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಏರುವಾಗ ಕಾಲು ನಿಮಿಷಕ್ಕೆ ಹದಿನೈದು ಹದಿನಾರು ಸುತ್ತಷ್ಟೇ ಬರುತ್ತದೆ. ಸೀಟು ಬಿಟ್ಟೆದ್ದು ಮೈಭಾರವನ್ನೆಲ್ಲ ಹಾಕಿದರೂ ಪೆಡಲು ನೆತ್ತಿಗೆ ಬಂದಾಗ ತಡೆದು ನಿಲ್ಲುತ್ತದೆ. ತೊಡೆಯ ಸ್ನಾಯು ಬಿಗಿದುಕೊಂಡೇ ಇರುತ್ತದೆ, ಉರಿಯುತ್ತದೆ, ಸೈಕಲ್ಲು ಮಾತ್ರ ಅಷ್ಟಕ್ಕೆ ತಕ್ಕಂತೆ ಮೇಲೇರಿರುವುದಿಲ್ಲ. ತುಂಬಿದ ಕೊಡ ಹಿಡಿದು ಸುಮ್ಮನೆ ನಿಂತರೂ ತೋಳು ಸೋಲುತ್ತದಲ್ಲ, ಹಾಗೆ. ದಣಿವನ್ನೇ ಕೆಲಸದ ಅಳತೆಗೋಲು ಮಾಡಿಕೊಂಡವರು ಎಡವುವುದು ಇಲ್ಲೇ.

ಗೇರಿನ ಮಾತು ಇಷ್ಟು ಸಾಕು. ಬೆಟ್ಟದ ಲೆಕ್ಕ ಕೈಯಲ್ಲಿರುವಾಗಲೇ ತೂಕದ ಪಂಥದವರ ಜೊತೆಗಿನ ನನ್ನ ಹಳೆಯ ತಕರಾರನ್ನು ಇತ್ಯರ್ಥ ಮಾಡಿಬಿಡುತ್ತೇನೆ. ಒಂದು ಕಿಲೊ ತೂಕ ಇಳಿಸಲು ಸಾವಿರಾರು ರೂಪಾಯಿ ಸುರಿದು ಕಾರ್ಬನ್ ಫ್ರೇಮು ಕೊಳ್ಳಿ ಎಂದು ಹುಡುಗರಿಗೆ ಉಪದೇಶ ಮಾಡುವವರು ಇವರು. ಸ್ನಾಯು ತಾನು ಸುಡುವುದರಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಪೆಡಲಿಗೆ ತಲುಪಿಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಒಂದು ಕಿಲೊಕ್ಯಾಲೊರಿಯಲ್ಲಿ ನಾಲ್ಕು ಚಿಲ್ಲರೆ ಕಿಲೊಜೂಲ್. ಎರಡನ್ನೂ ಸೇರಿಸಿ ನೋಡಿದರೆ ಪೆಡಲಿಗೆ ಬಿದ್ದ ಒಂದೊಂದು ಕಿಲೊಜೂಲಿಗೂ ಒಂದು ಕಿಲೊಕ್ಯಾಲೊರಿ ಊಟ ಎಂದು ಧೈರ್ಯವಾಗಿ ಹಿಡಿಯಬಹುದು. ಒಂದು ಕಿಲೊ ಕಡಿಮೆಯಾದರೆ ಚಾಮುಂಡಿ ಬೆಟ್ಟದಲ್ಲಿ ಉಳಿಯುವುದು ಮೂರು ಕಿಲೊಜೂಲ್, ಅಂದರೆ ಮೂರು ಕಿಲೊಕ್ಯಾಲೊರಿ. ಒಂದು ಗ್ರಾಂ ಸಕ್ಕರೆಯಲ್ಲಿ ಅದಕ್ಕಿಂತ ಹೆಚ್ಚಿದೆ. ಅರ್ಧ ಗಂಟೆಯ ಏರಿನಲ್ಲಿ ಇಪ್ಪತ್ತು ಸೆಕೆಂಡು ಉಳಿದೀತು. ಪೈಪೋಟಿಗೆ ಇಳಿದವರಿಗೆ ಅದು ದೊಡ್ಡದೇ, ಒಪ್ಪುತ್ತೇನೆ. ಆದರೆ ಬಯಲಿನಲ್ಲಿ ಅದೂ ಇಲ್ಲ.

ಬಯಲಿನಲ್ಲಿ ಸವಾರನ ಎದುರಾಳಿ ಗಾಳಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ನೆಟ್ಟಗೆ ಕುಳಿತು ಹೋಗುವವರಿಗೆ ಟೈರಿನ ಉರುಳು ತಡೆಗೆ 20 ವ್ಯಾಟ್, ಗಾಳಿಗೆ 20 ವ್ಯಾಟ್, ಒಟ್ಟು ಸುಮಾರು 40 ವ್ಯಾಟ್ ಬೇಕು. ವೇಗವನ್ನು 30ಕ್ಕೆ ಏರಿಸಿದರೆ ಟೈರಿನ ಪಾಲು ದುಪ್ಪಟ್ಟಾಗಿ 40 ಆಗುತ್ತದೆ, ಗಾಳಿಯ ಪಾಲು ಎಂಟು ಪಟ್ಟಾಗಿ 160. ಒಟ್ಟು 200. ಎರಡರಷ್ಟು ವೇಗಕ್ಕೆ ಐದರಷ್ಟು ತುಳಿತ. ಇದರಲ್ಲಿ ಸೈಕಲ್ಲಿನ ತೂಕ ತಲೆಹಾಕುವುದು ಟೈರಿನ ಪಾಲಿನಲ್ಲಿ ಮಾತ್ರ, ಅದೂ ಒಂದು ಕಿಲೊಗೆ ಎಂಬತ್ತರಲ್ಲಿ ಒಂದರಷ್ಟು.

ತೂಕದ ಪಂಥದವರು ಮರ್ಕ್ಸ್ ಹೆಸರು ಹೇಳುತ್ತಾರೆ. 1972ರ ಅಕ್ಟೋಬರ್ 25ರಂದು ಎಡ್ಡಿ ಮರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಗೆ 49.431 ಕಿ.ಮೀ. ತುಳಿದು ದಾಖಲೆ ಮಾಡಿದ. ಸೈಕಲ್ಲು ಕಟ್ಟಿಕೊಟ್ಟವನು ಅರ್ನೆಸ್ಟೊ ಕೊಲ್ನಾಗೊ. ಹ್ಯಾಂಡಲ್ಲಿಗೆ, ಚೈನಿಗೆ ಕೂಡ ತೂತು ಕೊರೆದು ಅದನ್ನು ಆರು ಕಿಲೊಗಿಂತ ಕೆಳಗೆ ಇಳಿಸಿದ್ದ. ಆ ತೂತುಗಳ ಕುಶಲತೆಗೆ ನಾನೂ ಕೈಮುಗಿಯುತ್ತೇನೆ. ಆದರೆ ಮರ್ಕ್ಸ್ ಯುರೋಪು ಬಿಟ್ಟು ಅಷ್ಟು ದೂರ ಹೋದದ್ದೇಕೆ? ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿ ಐದರಲ್ಲೊಂದು ಪಾಲು ತೆಳು.

ಇನ್ನೂ ಸಾಲದೆಂದರೆ ಕ್ರಿಸ್ ಬೋರ್ಡ್‌ಮನ್ ಇದ್ದಾನೆ. 1996ರಲ್ಲಿ ಮ್ಯಾಂಚೆಸ್ಟರಿನ ಟ್ರ್ಯಾಕಿನಲ್ಲಿ, ಗ್ರೇಮ್ ಓಬ್ರಿ ತೋರಿಸಿಕೊಟ್ಟಂತೆ ಎರಡೂ ತೋಳು ಮುಂದಕ್ಕೆ ಚಾಚಿ, ಮೈಯನ್ನು ಮಟ್ಟಸ ಮಾಡಿಕೊಂಡು ಒಂದು ಗಂಟೆಗೆ 56.375 ಕಿ.ಮೀ. ತುಳಿದ. ಆಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಯಮ ಬಿಗಿ ಮಾಡಿ, ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲೇ ಆಗಬೇಕು, ಕೂರುವ ಭಂಗಿಯೂ ಹಾಗೇ ಇರಬೇಕು ಎಂದಿತು. 2000ದಲ್ಲಿ ಅದೇ ಬೋರ್ಡ್‌ಮನ್, ಅದೇ ಮ್ಯಾಂಚೆಸ್ಟರಿನಲ್ಲಿ ತುಳಿದದ್ದು 49.441 ಕಿ.ಮೀ. ಮರ್ಕ್ಸ್‌ಗಿಂತ ಹತ್ತು ಮೀಟರ್ ಮುಂದೆ, ತನಗಿಂತ ಏಳು ಕಿಲೋಮೀಟರ್ ಹಿಂದೆ! ನಾಲ್ಕು ವರ್ಷ ವಯಸ್ಸಾಗಿತ್ತು, ನಿಜ. ಆದರೆ ಒಂದು ಗಂಟೆಯಲ್ಲಿ ಏಳು ಕಿಲೋಮೀಟರನ್ನು ವಯಸ್ಸು ತಿನ್ನುವುದಿಲ್ಲ, ಗಾಳಿ ತಿನ್ನುತ್ತದೆ. ಒಂದೇ ಕಾಲ್ಬಲಕ್ಕೆ ಇಷ್ಟು ಅಂತರ ಬರಬೇಕಾದರೆ ಚಾಚಿದ ತೋಳಿನ ಭಂಗಿಯಲ್ಲಿ ಗಾಳಿಯ ತಡೆ ಮೂರರಲ್ಲಿ ಎರಡು ಪಾಲಿಗೆ ಇಳಿದಿರಬೇಕು.

ಈ ಮಾತು ಬಂದಾಗಲೆಲ್ಲ ನಾನು ಮತ್ತೆ ತೆರೆಯುವುದು ಎಸ್. ಎಸ್. ವಿಲ್ಸನ್ 1973ರ ಮಾರ್ಚ್ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಗೆ ಬರೆದ ಲೇಖನವನ್ನು. ಅದರಲ್ಲೊಂದು ನಕ್ಷೆ. ಹಕ್ಕಿ, ಮೀನು, ಕುದುರೆ, ವಿಮಾನ ಎಲ್ಲವನ್ನೂ ತೂಗಿ ನೋಡಿ, ಒಂದು ಗ್ರಾಂ ಭಾರವನ್ನು ಒಂದು ಕಿಲೋಮೀಟರ್ ಸಾಗಿಸಲು ಯಾರಿಗೆಷ್ಟು ಶಕ್ತಿ ಬೇಕೆಂದು ಅದು ತೋರಿಸುತ್ತದೆ. ನಡೆಯುವ ಮನುಷ್ಯನಿಗೆ ಮುಕ್ಕಾಲು ಕ್ಯಾಲೊರಿ. ಅದೇ ಮನುಷ್ಯ ಸೈಕಲ್ ಹತ್ತಿದರೆ ಅದರ ಐದನೇ ಒಂದು ಪಾಲು, ಎಲ್ಲರಿಗಿಂತ ಕಡಿಮೆ. ಸ್ಟೀವ್ ಜಾಬ್ಸ್ ಭಾಷಣಗಳಲ್ಲಿ ಹೇಳಿ ಹೇಳಿ ಇದು ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಹೇಳುವವರು ವೇಗವನ್ನು ಮರೆಯುತ್ತಾರೆ. 60 ಕಿಲೊ ತೂಗುವವರಿಗೆ ನಡಿಗೆಯಲ್ಲಿ ಕಿಲೋಮೀಟರಿಗೆ 45 ಕಿಲೊಕ್ಯಾಲೊರಿ ಬೀಳುತ್ತದೆ, 15ರ ವೇಗದ ಸೈಕಲ್ಲಿಗೆ ಸುಮಾರು 10. ಮೂವತ್ತರ ವೇಗದಲ್ಲಿ ಅದು 24 ಆಗುತ್ತದೆ. ಸೈಕಲ್ಲಿನ ದೊಡ್ಡ ಉಳಿತಾಯವಿರುವುದು ನಮ್ಮ ಹಾಲಿನವರು, ಮೇಷ್ಟ್ರುಗಳು ತುಳಿಯುತ್ತಿದ್ದ ಆ ನಿಧಾನದ ವೇಗದಲ್ಲೇ.

ಈಗ ಆಷಾಢ. ಕೊಪ್ಪಳದಿಂದ ಗದಗಿನ ಕಡೆ ಪಡುವಣಕ್ಕೆ ಮುಖ ಮಾಡಿ ಹೊರಟವರಿಗೆ ಗಾಳಿಯ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಹೋಗುವಾಗ ಎದುರಾದರೇನು, ಬರುವಾಗ ಬೆನ್ನಿಗಿರುತ್ತದೆ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಸರಿಹೋಗುವುದಿಲ್ಲ. ಗಂಟೆಗೆ 15 ಕಿ.ಮೀ. ಗಾಳಿಗೆ ಎದುರಾಗಿ 15ರಲ್ಲೇ ತುಳಿದರೆ ಮೈಗೆ ಬಡಿಯುವುದು 30ರ ಗಾಳಿ. ತಡೆ ನಾಲ್ಕು ಪಟ್ಟಾಗಿ, ಗಾಳಿಗೆ ತೆರುವ 20 ವ್ಯಾಟು 80 ಆಗುತ್ತದೆ. ಬರುವಾಗ ಅದು ಸೊನ್ನೆ. ಸರಾಸರಿ 40. ಗಾಳಿಯೇ ಇಲ್ಲದ ದಿನಕ್ಕಿಂತ ದುಪ್ಪಟ್ಟು!

ಅಡ್ಡಗಾಳಿಯೂ ಬಿಟ್ಟಿಯಲ್ಲ. ನೇರ ಪಕ್ಕದಿಂದ 15ರ ಗಾಳಿ ಬೀಸಿದರೆ ಎದುರಿನ ತಡೆ ಸುಮಾರು ನಲವತ್ತು ಪ್ರತಿಶತ ಏರುತ್ತದೆ. ಅನುಭವಿ ಸವಾರರು ಇದಕ್ಕೆ ಓರೆಸಾಲು ಕಟ್ಟುತ್ತಾರೆ, ಮುಂದಿನವನ ಮರೆ ಗಾಳಿ ಹೋಗುವ ದಿಕ್ಕಿಗೆ ಬೀಳುವುದರಿಂದ ಹಿಂದಿನವನು ಆ ಕಡೆ ಸರಿಯುತ್ತಾನೆ. ಚಿತ್ರದುರ್ಗದಿಂದ ಹೊಸಪೇಟೆಗೆ ಬಡಗಣಕ್ಕೆ ಹೋಗುವಾಗ ಗಾಳಿ ಎಡದಿಂದ ಬರುತ್ತದೆ, ಮರೆ ಸಿಗುವುದು ಬಲಕ್ಕೆ, ಅಂದರೆ ಲಾರಿಗಳ ದಾರಿಗೆ. ಅಲ್ಲಿ ಓರೆಸಾಲಿನ ಆಸೆ ಬೇಡ. ಒಬ್ಬರ ಹಿಂದೊಬ್ಬರು ನೇರವಾಗಿ ಹೋಗಿ, ಮೊಣಕೈ ಮಡಚಿ, ಅಂಗಿಯ ಗುಂಡಿ ಹಾಕಿಕೊಳ್ಳಿ. ವಾಪಸು ಬರುವಾಗ ಗಾಳಿ ಬಲದಿಂದ, ಮರೆ ರಸ್ತೆಯ ಎಡ ಅಂಚಿಗೆ. ಅಲ್ಲಿ ಇಬ್ಬರು ಮೂವರು ಓರೆಯಾಗಿ ನಿಂತು ತುಳಿಯಬಹುದು.