ವರಮಾನ ತೆರಿಗೆ ಹೋದರೆ ಹೊರೆ ಯಾರ ಮೇಲೆ?

ವರಮಾನ ತೆರಿಗೆಯನ್ನು ರದ್ದುಪಡಿಸಿ, ಆ ನಷ್ಟವನ್ನು ಮಾರಾಟದ ಮೇಲಿನ ತೆರಿಗೆಯಿಂದಲೇ ತುಂಬಿಸಿಕೊಳ್ಳಬೇಕೆಂಬ ವಾದ ಆಗಾಗ ಕೇಳಿಬರುತ್ತದೆ. ಕೇಳಲು ಹಿತವಾದ ಮಾತು. ಆದರೆ ಲೆಕ್ಕ ಹೊಂದುವುದಿಲ್ಲ.

2025-26ರ ಕೇಂದ್ರ ಬಜೆಟ್‌ನ ಅಂದಾಜಿನಂತೆ ವರಮಾನ ತೆರಿಗೆ 14.38 ಲಕ್ಷ ಕೋಟಿ ರೂಪಾಯಿ; ಕೇಂದ್ರದ ಪಾಲಿನ ಜಿಎಸ್‌ಟಿ, ಪರಿಹಾರ ಸೆಸ್ ಸೇರಿ, 11.78 ಲಕ್ಷ ಕೋಟಿ. ಅಂದರೆ ಕೇಂದ್ರವು ತನ್ನ ಪಾಲನ್ನು ಎರಡು ಪಟ್ಟಿಗೂ ಮೀರಿ ಏರಿಸಬೇಕು. ರಾಜ್ಯದ ಪಾಲನ್ನು ಮುಟ್ಟದಿದ್ದರೂ ಶೇ. 18ರ ದರ ಶೇ. 30ರ ಹತ್ತಿರ ಹೋಗುತ್ತದೆ. ಬೆಲೆ ಏರಿದರೆ ಖರೀದಿ ಇಳಿಯುವುದನ್ನು ನಾವಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಇದನ್ನು ದಾಂಡೇಲಿಯಲ್ಲಿ ನಿಂತು ನೋಡೋಣ. ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಲು ಬರುವ, ವರ್ಷಕ್ಕೆ 30 ಲಕ್ಷ ಗಳಿಸುವ ಬೆಂಗಳೂರಿನ ಉದ್ಯೋಗಿ ಗಳಿಕೆಯ ಒಂದು ಭಾಗವನ್ನಷ್ಟೇ ಖರ್ಚು ಮಾಡುತ್ತಾನೆ. ಉಳಿದದ್ದನ್ನು ಶೇರಿಗೋ ನಿವೇಶನಕ್ಕೋ ಹಾಕಿದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಇಲ್ಲಿನ ಕಾಗದ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನ, ಹಳಿಯಾಳದ ಸಿದ್ದಿ ಕೂಲಿಯವನ, ಜೋಯಿಡಾದ ಕುಣಬಿ ರೈತನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಅಂಗಡಿಗೇ ಸೇರುತ್ತದೆ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಸಂಬಳಕ್ಕೆ ವರಮಾನ ತೆರಿಗೆಯಿಲ್ಲ. ಕೃಷಿ ಆದಾಯಕ್ಕೆ ಮೊದಲೇ ಇಲ್ಲ. ಕೊಡದ ತೆರಿಗೆ ರದ್ದಾದರೆ ಇವರಿಗೇನು ಲಾಭ? ಸೋಪು, ಸಿಮೆಂಟು ಮಾತ್ರ ತುಟ್ಟಿಯಾಗುತ್ತದೆ. ವಹಿವಾಟು 40 ಲಕ್ಷ ದಾಟದ ಹಳ್ಳಿಯಂಗಡಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ನಿಜ; ಆದರೆ ಸಗಟು ವ್ಯಾಪಾರಿ ವಸೂಲು ಮಾಡಿದ ತೆರಿಗೆ ಆ ಸೋಪಿನ ಬೆಲೆಯೊಳಗೇ ಕೂತು ಬಂದಿರುತ್ತದೆ.

ಝಕಾತ್‌ಗೆ ನಿಸಾಬ್ ಎಂಬ ಮಿತಿಯಿದೆ. ಅದನ್ನು ಮೀರಿದ ಸಂಪತ್ತು ವರ್ಷ ಪೂರ್ತಿ ಕೈಯಲ್ಲಿದ್ದರೆ ಶೇ. 2.5 ಕೊಡಬೇಕು, ಬಡವ ಅದನ್ನು ಪಡೆಯುವವನು. ಅಂಗಡಿಯ ಬಿಲ್ಲು ಕೊಳ್ಳುವವನ ಸ್ಥಿತಿಯನ್ನು ಕೇಳುವುದಿಲ್ಲ.

ಒಂದು ಮಾತು ಒಪ್ಪತಕ್ಕದ್ದೇ. ಮುಂಡಗೋಡದ ದೊಡ್ಡ ಜಮೀನುದಾರನೂ ಕಪ್ಪುಹಣದವನೂ ಕಾರು ಕೊಂಡಾಗ ತೆರಿಗೆ ತೆರುತ್ತಾರೆ. ಆದರೆ ಮಾರಾಟ ತೆರಿಗೆಯಿಂದ ಯಾರೂ ನುಣುಚಿಕೊಳ್ಳಲಾರರೆಂಬುದು ಸುಳ್ಳು. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕ ಬಂತು. ದರ ಶೇ. 30 ಆದರೆ ಬಿಲ್ಲಿಲ್ಲದ ವ್ಯಾಪಾರ ಎಷ್ಟಾದೀತು?

ಅಮೆರಿಕದಲ್ಲಿ 1999ರಿಂದ ಮತ್ತೆ ಮತ್ತೆ ಮಂಡನೆಯಾಗಿ ಇಂದಿಗೂ ಅಂಗೀಕಾರವಾಗದ ಇಂಥದೇ ಮಸೂದೆಯಲ್ಲಿ, ಪ್ರತಿ ಕುಟುಂಬಕ್ಕೆ ತಿಂಗಳು ತಿಂಗಳು ಮುಂಗಡವಾಗಿ ಹಣ ಕೊಡುವ ಏರ್ಪಾಡಾದರೂ ಇದೆ. ಇಲ್ಲೂ ಹಾಗೆ ಕೊಡಹೊರಟರೆ, ಆ ಹಣಕ್ಕಾಗಿ ದರವನ್ನು ಇನ್ನಷ್ಟು ಏರಿಸಬೇಕಾಗುತ್ತದೆ.