ಗ್ಯಾಸ್ ಡ್ರಮ್ಮಿನ ನೆತ್ತಿಯ ಮೇಲೆ ಬಿಸಿನೀರು

ಯಲಹಂಕದ ಸುತ್ತಮುತ್ತ ಡಿಸೆಂಬರ್ ಚಳಿ ಕೂತರೆ ಗೋಬರ್ ಗ್ಯಾಸ್ ಒಲೆಯ ಉರಿ ಸಣ್ಣಗಾಗುತ್ತದೆ. ಸಗಣಿಯೇನೂ ಕಡಿಮೆಯಾಗಿರುವುದಿಲ್ಲ. ಗುಂಡಿಯೊಳಗೆ ಒಂದು ಗುಂಪಿನ ಸೂಕ್ಷ್ಮಜೀವಿಗಳು ಸಗಣಿಯನ್ನು ಆಮ್ಲವಾಗಿ ಒಡೆಯುತ್ತವೆ. ಇನ್ನೊಂದು ಗುಂಪು ಅದರಿಂದ ಮೀಥೇನ್ ಮಾಡುತ್ತದೆ. ಈ ಎರಡನೆಯವಕ್ಕೆ ಚಳಿ ಆಗಿಬರುವುದಿಲ್ಲ. 35 ಡಿಗ್ರಿಯ ಆಸುಪಾಸಿನಲ್ಲಿ ಚುರುಕು, 20ಕ್ಕಿಂತ ಕೆಳಗಿಳಿದರೆ ಮಂಕು.

ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ ‘ಅಸ್ತ್ರ’ ತಂಡ ಈ ಚಳಿಯನ್ನೇ ಲೆಕ್ಕಕ್ಕಿಳಿಸಿತು. ಗುಂಡಿಯ ಶಾಖ ಎಲ್ಲೆಲ್ಲಿ ಸೋರುತ್ತದೆ ಎಂಬ ಜಮಾಖರ್ಚು ಅದು. ಗುಂಡಿಯ ಮೇಲೆ ಗ್ಯಾಸ್ ಹಿಡಿದಿಡುವ ತೇಲುವ ಡ್ರಮ್ಮಿನ ನೆತ್ತಿಯಿಂದ ಶಾಖ ಹಾರಿಹೋಗುತ್ತದೆ; ದಿನವೂ ಸಗಣಿಗೆ ಕಲಸುವ ತಣ್ಣೀರು ಗುಂಡಿಯನ್ನು ಇನ್ನಷ್ಟು ತಣಿಸುತ್ತದೆ.

ಅವರು ಕಂಡುಕೊಂಡ ಉಪಾಯ ಎಷ್ಟು ಚೆಂದ! ಡ್ರಮ್ಮಿನ ಮೇಲೆಯೇ ತೆಳುವಾಗಿ ನೀರು ನಿಲ್ಲಿಸಿದರು, ಅದಕ್ಕೆ ಪಾರದರ್ಶಕ ಹೊದಿಕೆ ಹಾಕಿದರು. ಬಿಸಿಲಿಗೆ ಕಾದ ಆ ನೀರಿನಲ್ಲೇ ಸಗಣಿ ಕಲಸಿ ಗುಂಡಿಗೆ ಬಿಟ್ಟರು. ಸೋರುತ್ತಿದ್ದ ಶಾಖ ಉಳಿಯಿತು, ಹೊಸ ಬಗ್ಗಡ ಬೆಚ್ಚಗೇ ಒಳಗೆ ಹೋಯಿತು, ಗ್ಯಾಸ್ ಗಮನಾರ್ಹವಾಗಿ ಹೆಚ್ಚಿತು. ಅಷ್ಟೇ ಗ್ಯಾಸಿಗೆ ಚಿಕ್ಕ ಗುಂಡಿ ಸಾಕೆಂದರೆ ಬಡ ರೈತನ ಖರ್ಚೂ ಇಳಿಯುತ್ತದೆ. ಶಾಖದ ಲೆಕ್ಕವನ್ನು ಹಳ್ಳಿಯ ಹಿತ್ತಿಲಿಗೆ ಹೀಗೆ ತಂದವರ ಬಗ್ಗೆ ನನಗೆ ಅಪಾರ ಗೌರವ.

ಈ ಕೆಲಸದ ಬಗ್ಗೆ ತಂಡ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇನ್ನೊಂದು ಸೊಗಸಿದೆ: ಹೊದಿಕೆಯನ್ನು ಡೇರೆಯಾಕಾರಕ್ಕೆ ತಂದರೆ ಒಳಗಿನ ಆವಿ ಹನಿಗಟ್ಟಿ ಇಳಿದು, ಬಟ್ಟಿಯಿಳಿಸಿದ ಶುದ್ಧ ನೀರೂ ಸಿಗುತ್ತದೆ.